ಎಳೆಯೋದು ಸಣ್ಣ ಕೆಲಸ, ನಿಲ್ಲಿಸೋದು ದೊಡ್ಡ ಕೆಲಸ

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯನ್ನು ಒಂದು ಮಾತು ಕೇಳಿ ನೋಡಿ. ಅವರು ಸಣ್ಣವರಿದ್ದಾಗ ಜಾತ್ರೆಗೆ ಹೇಗೆ ಹೋಗುತ್ತಿದ್ದರು? ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಯವರಾದರೆ ಹೆಚ್ಚಿನವರು ಹೇಳುವುದು ಒಂದೇ ಉತ್ತರ: ಸವಾರಿ ಬಂಡಿ. ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ, ಅದರ ಮೇಲೆ ತಾಡಪತ್ರಿ. ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ. ಒಂದು ಮೂಲೆಯಲ್ಲಿ ರೊಟ್ಟಿ ಬುತ್ತಿ, ಇನ್ನೊಂದು ಮೂಲೆಯಲ್ಲಿ ನೀರಿನ ಕೊಡ, ನಡುವೆ ನಾವು. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ. ಹೋದಲ್ಲಿ ಬಂಡಿಯೇ ಮನೆ. ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು ಒಲೆ ಹೂಡಿದರೆ ಅಡುಗೆಮನೆಯೂ ತಯಾರು.

ಆಸ್ಟ್ರೇಲಿಯಾದಲ್ಲಿರುವ ನಮ್ಮ ಬೀಗರ ಹುಡುಗನೊಬ್ಬ ಹೋದ ವರ್ಷ ಒಂದು ಫೋಟೊ ಕಳಿಸಿದ್ದ. ದೊಡ್ಡ ಜೀಪಿನಂಥ ಗಾಡಿ, ಅದರ ಹಿಂದೆ ಗಾಲಿ ಇರುವ ಪುಟ್ಟ ಮನೆ. ಅದಕ್ಕೆ ಕಾರವಾನ್ ಅನ್ನುತ್ತಾರಂತೆ. ಒಳಗೆ ಹಾಸಿಗೆ, ಒಲೆ, ನೀರಿನ ಟಾಕಿ ಎಲ್ಲ ಇರುತ್ತದೆ. ರಜೆ ಬಂದರೆ ಮನೆಯನ್ನೇ ಹಿಂದೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಫೋಟೊ ನೋಡಿದ ನನ್ನ ತಂಗಿ, "ಇದರಾಗ ಹೊಸಾದೇನೈತಿ ಅಣ್ಣಾ? ನಮ್ಮ ಸವಾರಿ ಬಂಡಿನ ಅಲ್ಲೇನು?" ಅಂದಳು. ಅವಳ ಮಾತು ಖರೆ.

ಈ ವಾರ ಬರೆಯುತ್ತಿರುವುದು ನಮ್ಮ ಮನೆಯ ಹೊಸ ಸವಾರಿ ಬಂಡಿಯ ಕಥೆ. ಅದನ್ನು ಎಳೆಯುವುದು ಎತ್ತಲ್ಲ, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಟ್ರ್ಯಾಕ್ಟರ್.

ನನ್ನ ತಮ್ಮನ ಮಗ ರೋಣದ ಹತ್ತಿರ ಒಕ್ಕಲುತನ ಮಾಡುತ್ತಾನೆ. ಎಲ್ಲವೂ ಎರೆ ಹೊಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತಲ್ಲ, ಆಗ ಅವನ ಮನಸ್ಸು ಗಟ್ಟಿಯಾಯಿತು. "ದೊಡ್ಡಪ್ಪಾ, ದೀಪಾವಳಿಗೆ ಟ್ರ್ಯಾಕ್ಟರ್ ತರೋದು ಪಕ್ಕಾ. ನೀವು ಬ್ಯಾಂಕಿನ್ಯಾಗ ಇದ್ದವ್ರು, ಲೆಕ್ಕ ನೋಡಿ ಹೇಳ್ರಿ" ಅಂತ ಬಂದು ಕುಳಿತ. ಅವನ ಮಗಳು, ಅಂದರೆ ನನ್ನ ಮೊಮ್ಮಗಳು, ಏಳನೇ ಇಯತ್ತೆ. ಲೆಕ್ಕ ಅಂದರೆ ಅವಳಿಗೆ ಬಲು ಪ್ರೀತಿ. ನೋಟ್‌ಬುಕ್ಕು ಹಿಡಿದುಕೊಂಡು ಅವಳೂ ಕುಳಿತಳು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನರಗುಂದದಲ್ಲೂ ಗಜೇಂದ್ರಗಡದಲ್ಲೂ ಎಷ್ಟೋ ಟ್ರ್ಯಾಕ್ಟರ್ ಸಾಲದ ಕಾಗದ ಬರೆದಿದ್ದೇನೆ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಎಚ್‌ಪಿ?" ಎಚ್‌ಪಿ ಅಂದರೆ ಅಶ್ವಶಕ್ತಿ. ಮಕ್ಕಳೇ, 75 ಕಿಲೋ ತೂಕದ ಚೀಲವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಅದು ಒಂದು ಅಶ್ವಶಕ್ತಿ. 45 ಎಚ್‌ಪಿ ಅಂದರೆ ಅಂಥ 45 ಚೀಲ ಒಮ್ಮೆಗೇ. ಕೇಳಲಿಕ್ಕೆ ದೊಡ್ಡದೇ. ಆದರೆ ಆ ಶಕ್ತಿ ನೆಲಕ್ಕೆ ಮುಟ್ಟಿದರೆ ತಾನೇ ಉಪಯೋಗ? ಎಣ್ಣೆ ಚೆಲ್ಲಿದ ಫರಸಿಯ ಮೇಲೆ ಪೈಲವಾನನನ್ನು ನಿಲ್ಲಿಸಿದರೆ ಅವನು ಹಗ್ಗ ಜಗ್ಗಬಲ್ಲನೇ? ಕಾಲೇ ಜಾರುತ್ತದೆ.

ನಮ್ಮ ಎರೆ ಹೊಲ ಮಳೆಗಾಲದಲ್ಲಿ ಆ ಎಣ್ಣೆ ಚೆಲ್ಲಿದ ಫರಸಿಯ ಹಾಗೆಯೇ. ಈ ಮಣ್ಣಿನ ಜೇಡಿಯ ಕಣಗಳು ಬಹಳ ಸಣ್ಣ. ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ, ಕಾಲು ಹೋಗುವಷ್ಟು ಬಿರುಕು ಬಿಡುತ್ತವೆ. ಹೆಸರು ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ಚಪ್ಪಲಿಗೆ ಮಣ್ಣು ಹತ್ತಿ ಹತ್ತಿ ನಾವು ನಾಲ್ಕು ಬೆರಳು ಎತ್ತರ ಆಗುತ್ತೇವೆ. ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಗಾಡಿಗೂ ಮಣ್ಣು ತುಂಬಿಕೊಂಡು, ಗಾಲಿ ಅಲ್ಲೇ ತಿರುಗಿ ತಿರುಗಿ ಕುಣಿ ತೋಡುತ್ತದೆ.

"ಹಂಗಾರ ಫೋರ್ ವೀಲ್ ಅಂದ್ರ ಏನಜ್ಜಾ? ಎಲ್ಲಾ ಟ್ರ್ಯಾಕ್ಟರಿಗೂ ನಾಲ್ಕ ಗಾಲಿ ಇರತಾವಲ್ಲ?" ಅಂದಳು ಮೊಮ್ಮಗಳು.

ಒಳ್ಳೆಯ ಪ್ರಶ್ನೆ. ಗಾಲಿ ನಾಲ್ಕಿದ್ದರೂ ಸಾದಾ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಎರಡಕ್ಕೆ ಮಾತ್ರ. ಮುಂದಿನ ಎರಡು ಬರೀ ದಾರಿ ತೋರಿಸುತ್ತವೆ. ಅವು ದುಡಿಯುವ ಗಾಲಿಗಳಲ್ಲ, ಉರುಳುವ ಗಾಲಿಗಳು. ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಒಂದು ಸನ್ನೆ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ಗಾಲಿಗಳಿಗೂ ಶಕ್ತಿ ಹೋಗಿ, ಅವೂ ನೆಲ ಹಿಡಿದು ಎಳೆಯುತ್ತವೆ. ಹಿಂದಿನದು ಜಾರಿದರೂ ಮುಂದಿನದು ಜಗ್ಗುತ್ತದೆ. ಗುರುತು ಹಿಡಿಯುವುದು ಸುಲಭ: ಸಾದಾ ಟ್ರ್ಯಾಕ್ಟರಿನ ಮುಂದಿನ ಗಾಲಿ ಸಣ್ಣದು, ಅದರ ಮೇಲೆ ಉದ್ದುದ್ದ ಗೆರೆ. ಫೋರ್ ವೀಲಿನದು ಸ್ವಲ್ಪ ದೊಡ್ಡದು, ಅದರ ಮೇಲೂ ಹಿಂದಿನ ಗಾಲಿಯ ಹಾಗೆ ಓರೆ ಓರೆ ದಪ್ಪ ಹಲ್ಲು. ಮುಂದಿನ ಸಲ ದಾರಿಯಲ್ಲಿ ಟ್ರ್ಯಾಕ್ಟರ್ ಕಂಡರೆ ನೋಡಿ.

ಅದಕ್ಕೆ ಬೆಲೆ ಲಕ್ಷದ ಲೆಕ್ಕದಲ್ಲಿ ಹೆಚ್ಚು. ಎಲ್ಲರಿಗೂ ಬೇಕೇ? ಗಜೇಂದ್ರಗಡದ ಗುಡ್ಡದ ಕೆಳಗಿನ ಮಸಾರಿ ಹೊಲದವರಿಗೆ ನಾನು ಹೇಳುವುದು, ಹಿಂದಿನ ಎರಡು ಗಾಲಿಯ ಶಕ್ತಿ ಸಾಕು. ಮಸಾರಿಯಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಎರೆಯಲ್ಲಿ ಹಸಿ ಇರುವಾಗಲೇ ಕೆಲಸ ಮಾಡಬೇಕಾದವರಿಗೆ, ಹೊಲದಿಂದ ತುಂಬಿದ ಟ್ರೇಲರ್ ಹೊರಗೆ ತರಬೇಕಾದವರಿಗೆ ನಾಲ್ಕು ಗಾಲಿಯ ಶಕ್ತಿ ಬೇಕು. 45 ಎಚ್‌ಪಿಯ ಫೋರ್ ವೀಲ್ ಸಾಕಾಗುವ ಕಡೆ 55ರ ಸಾದಾ ಟ್ರ್ಯಾಕ್ಟರ್ ತಂದು ಕೆಸರಿನಲ್ಲಿ ನಿಲ್ಲಿಸಿದವರನ್ನು ನೋಡಿದ್ದೇನೆ.

ಹಣದ ಬಗ್ಗೆಯೂ ಎರಡು ಮಾತು. ಟ್ರ್ಯಾಕ್ಟರಿನ ಬೆಲೆ ಒಂದನ್ನೇ ನೋಡಬಾರದು. ನೋಂದಣಿ, ವಿಮೆ, ಟ್ರೇಲರ್, ರೆಂಟೆ, ಕುಂಟೆ, ರೋಟಾವೇಟರ್ ಎಲ್ಲ ಕೂಡಿಸಬೇಕು. ಟ್ರೇಲರಿಗೆ ಬೇರೆ ನೋಂದಣಿ, ಬೇರೆ ನಂಬರು. ಸಾಲದ ಕಂತು ತಿಂಗಳಿಗೊಮ್ಮೆ ಬೇಡ, ಸುಗ್ಗಿಗೊಮ್ಮೆ ಇರಲಿ. ಕಡಲೆ, ಜೋಳ ಮನೆಗೆ ಬರುವುದು ಫೆಬ್ರುವರಿ, ಮಾರ್ಚಿಗೆ. ಡಿಸೆಂಬರಿನ ಕಂತು ರೈತ ಎಲ್ಲಿಂದ ತಂದಾನು? ನರಗುಂದ 1980ರ ಜುಲೈನ ರೈತ ಬಂಡಾಯ ಕಂಡ ಊರು. ರೈತನ ಕೈಗೆ ಹಣ ಬರುವ ಕಾಲ ಬೇರೆ, ವಸೂಲಿಯ ಕಾಲ ಬೇರೆ ಆದರೆ ಏನಾಗುತ್ತದೆ ಎಂದು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಲೆಕ್ಕ ಮುಗಿದು, ದೀಪಾವಳಿಯ ಪಾಡ್ಯದ ದಿನ ಟ್ರ್ಯಾಕ್ಟರ್ ಬಂತು. ಜೊತೆಗೆ ಎರಡು ಗಾಲಿಯ ಹೊಸ ಟ್ರೇಲರ್. ನಮ್ಮ ಮಂದಿ ಅದಕ್ಕೆ ಟೇಲರ್ ಅನ್ನುತ್ತಾರೆ. ಬಟ್ಟೆ ಹೊಲಿಯುವ ಟೇಲರ್ ಎಂದು ತಿಳಿದೀರಿ! ಪೂಜೆ ಆಯಿತು, ಲಿಂಬಿಹಣ್ಣು ಗಾಲಿಯ ಕೆಳಗೆ ಸಿಕ್ಕು ಚಪ್ಪಟೆ ಆಯಿತು. ಆಗ ತಮ್ಮನ ಮಗ ತನ್ನ ಗುಟ್ಟು ಬಿಚ್ಚಿದ.

"ದೊಡ್ಡಪ್ಪಾ, ಬನದ ಹುಣ್ಣಿಮಿಗೆ ಇದರಾಗ ಬನಶಂಕರಿಗೆ ಹೋಗೂಣು. ಟ್ರೇಲರಿಗೆ ಕಮಾನು ಕಟ್ಟಸ್ತೀನಿ. ಕೆಳಗ ಗಾದಿ, ಮ್ಯಾಲ ತಾಡಪತ್ರಿ, ಒಳಗ ಲೈಟು, ಫ್ಯಾನು. ಆ ಫೋಟೊದಾಗಿನ ಕಾರವಾನಿನ ಹಂಗ. ಮನಿ ಮಂದಿ, ಬೀಗರು, ಎಲ್ಲಾ ಕೂಡಿ ಹದಿನೆಂಟು ಮಂದಿ. ನಾಕ ದಿನ ಅಲ್ಲೇ ವಸ್ತಿ. ರಾತ್ರಿ ಕಂಪನಿ ನಾಟಕ ನೋಡೂಣು."

ಮಕ್ಕಳೆಲ್ಲ ಕುಣಿದರು. ನನಗೂ ಒಳಗೊಳಗೆ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಬನಶಂಕರಿ ಜಾತ್ರೆಯ ನಾಟಕದ ಟೆಂಟು, ಗುಡಿಯ ಮುಂದಿನ ಹರಿದ್ರಾ ತೀರ್ಥದ ಹೊಂಡ, ಅಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುವ ರೊಟ್ಟಿ, ಕರಿಂಡಿ, ಗಡಿಗೆ ಮೊಸರು ಎಲ್ಲ ಕಣ್ಣ ಮುಂದೆ ಬಂತು. ತಂಗಿ ಮಾತ್ರ ಏನೂ ಅನ್ನದೆ ಎದ್ದು ಒಳಗೆ ಹೋದಳು. ಯಾಕೆ ಹೋದಳು ಎಂದು ನನಗೆ ಗೊತ್ತಿತ್ತು.

ಮರುದಿನದಿಂದ ಟ್ರೇಲರ್ ಸಜ್ಜು ಮಾಡುವ ಕೆಲಸ ಶುರುವಾಯಿತು. ಇದರಲ್ಲಿ ಕಲಿಯುವುದು ಬಹಳ ಇದೆ, ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ತೂಕ. ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಖಾಲಿ ಟ್ರೇಲರ್ 1,200 ಕಿಲೋ. ತಾಡಪತ್ರಿ, ಗಾದಿ, ಪಾತ್ರೆ, ಗ್ಯಾಸು, ಹಿಟ್ಟು, ಬೇಳೆ ಎಲ್ಲ ಸೇರಿ 300 ಕಿಲೋ. ನೀರಿನ ಟಾಕಿ 500 ಲೀಟರ್. "ನೀರಿನ ತೂಕ ಎಷ್ಟು?" ಅಂದೆ. ಅವಳು ತಡವರಿಸಿದಳು. ಒಂದು ಲೀಟರ್ ನೀರು ಒಂದು ಕಿಲೋ, ಅಂದರೆ 500 ಕಿಲೋ. ಒಟ್ಟು 2,000 ಕಿಲೋ. ಟ್ರ್ಯಾಕ್ಟರಿನ ತೂಕ 2,200 ಕಿಲೋ. ಬ್ರೇಕ್ ಇಲ್ಲದ ಟ್ರೇಲರ್ ಎಳೆಯುವಾಗ, ಅದು ಎಳೆಯುವ ಗಾಡಿಗಿಂತ ಭಾರ ಇರಬಾರದು ಎನ್ನುವುದು ನನ್ನ ಲೆಕ್ಕ. ಟಾಕಿ ತುಂಬಿರಬೇಕು, ಇಲ್ಲವೇ ಖಾಲಿ ಇರಬೇಕು. ಅರ್ಧ ಇದ್ದರೆ ತಿರುವಿನಲ್ಲಿ ನೀರೆಲ್ಲ ಒಂದು ಕಡೆಗೆ ನುಗ್ಗಿ ಗಾಡಿಯನ್ನು ಓಲಾಡಿಸುತ್ತದೆ.

ಎರಡನೆಯದು, ಭಾರ ಎಲ್ಲಿ ಇಡಬೇಕು ಎನ್ನುವುದು. ಇದನ್ನು ನಮ್ಮ ಬಂಡಿ ಹೂಡುವವರು ಶಾಲೆಗೆ ಹೋಗದೆ ಕಲಿತಿದ್ದರು. ಭಾರ ಎಲ್ಲ ಹಿಂದೆ ಬಿದ್ದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಜಗ್ಗುತ್ತದೆ. ಎಲ್ಲ ಮುಂದೆ ಬಿದ್ದರೆ ಎತ್ತು ಕುಸಿಯುತ್ತದೆ. ಟ್ರೇಲರಿಗೂ ಅದೇ ನಿಯಮ. ಹಿಂದೆ ಭಾರ ಹೆಚ್ಚಾದರೆ ಅದು ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲೆತ್ತುತ್ತದೆ. ಗಾಲಿಯ ಹಿಡಿತ ಹೋಗುತ್ತದೆ, ಟ್ರೇಲರ್ ಬಾಲದ ಹಾಗೆ ಅತ್ತಿತ್ತ ಆಡುತ್ತದೆ. ಆಸ್ಟ್ರೇಲಿಯಾದ ಹುಡುಗನನ್ನು ಫೋನಿನಲ್ಲಿ ಕೇಳಿದೆ. ಕಾರವಾನಿನ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಎಳೆಯುವ ಗಾಡಿಯ ಕೊಂಡಿಯ ಮೇಲೆ ಬೀಳುವ ಹಾಗೆ ಅವರು ಸಾಮಾನು ಹೊಂದಿಸುತ್ತಾರೆ. ನಮ್ಮದು 2,000 ಕಿಲೋ, ಅಂದರೆ 200 ಕಿಲೋ ಮೂಕಿಯ ಮೇಲೆ. ಹತ್ತಿ ತೂಗುವ ಕಾಟಾ ತಂದು, ಸಮ ನೆಲದಲ್ಲಿ ಟ್ರೇಲರಿನ ಮೂಕಿಯನ್ನು ಅದರ ಮೇಲೆ ಇಟ್ಟೆವು. ಮೊದಲ ಸಲ 90 ಬಂತು. ನೀರಿನ ಟಾಕಿಯನ್ನು ಅಚ್ಚಿನಿಂದ ಸ್ವಲ್ಪ ಮುಂದೆ ಸರಿಸಿ ತೂಗಿದರೆ 205. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಮೂರನೆಯದು ಕೊಂಡಿ. ಪಿನ್ನು ದಪ್ಪ ಇರಬೇಕು, ಅದರ ಕೆಳತುದಿಗೆ ಲಾಕ್ ಹಾಕಬೇಕು. ಲಾಕಿನ ಜಾಗದಲ್ಲಿ ತಂತಿ ಸುತ್ತುವುದು, ಮೊಳೆ ಬಡಿಯುವುದು ಬೇಡ. ಪಿನ್ನು ಜಿಗಿದರೂ ಟ್ರೇಲರ್ ಬಿಟ್ಟುಹೋಗದಂತೆ ಒಂದು ಸರಪಳಿ ಇರಲಿ. ಎಳೆಯುವ ಕೊಂಡಿ ಯಾವಾಗಲೂ ಕೆಳಗೇ ಇರಬೇಕು. ಕೆಸರಿನಲ್ಲಿ ಸಿಕ್ಕಿದ್ದನ್ನು ಎಳೆಯುವಾಗ ಕೆಲವರು ಹಿಂದಿನ ಅಚ್ಚಿಗಿಂತ ಮೇಲೆ ಸರಪಳಿ ಕಟ್ಟುತ್ತಾರೆ. ಆಗ ಮುಂದಿನ ಗಾಲಿ ಕುದುರೆಯ ಹಾಗೆ ಎದ್ದು, ಟ್ರ್ಯಾಕ್ಟರ್ ಹಿಂದಕ್ಕೆ ಚಾಲಕನ ಮೇಲೆಯೇ ಮಗುಚುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗಿಹೋಗುತ್ತದೆ.

ನಾಲ್ಕನೆಯದು ಫೋರ್ ವೀಲ್ ಸನ್ನೆ. ತಮ್ಮನ ಮಗ ಹುರುಪಿನಲ್ಲಿ ಅದನ್ನು ಡಾಂಬರು ರಸ್ತೆಯಲ್ಲೂ ಹಾಕಿಕೊಂಡೇ ಓಡಿಸುತ್ತಿದ್ದ. ಅದು ತಪ್ಪು. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ಜೋರಾಗಿ ನೆಲ ಎಳೆಯುವಂತೆ ಮಾಡಿರುತ್ತಾರೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ. ಗಟ್ಟಿ ಡಾಂಬರಿನಲ್ಲಿ ಜಾರಲು ಜಾಗ ಇಲ್ಲದೆ ಟಾಯರು ಸವೆಯುತ್ತದೆ, ಗೇರಿನ ಮೇಲೆ ಒತ್ತಡ ಬೀಳುತ್ತದೆ. ಆದರೆ ಭಾರ ಹಿಂದೆ ಇದ್ದು ಕಡಿದಾದ ಇಳಿಜಾರು ಬಂದರೆ ಹಾಕಿಕೊಳ್ಳಬೇಕು. ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಗಾಲಿಗಳಿಗೆ ಮಾತ್ರ. ಸನ್ನೆ ಹಾಕಿದ್ದರೆ ಆ ತಡೆ ಮುಂದಿನ ಗಾಲಿಗಳಿಗೂ ಮುಟ್ಟುತ್ತದೆ.

ಐದನೆಯದು, ಎಲ್ಲಕ್ಕಿಂತ ದೊಡ್ಡದು: ಬ್ರೇಕು. ಮಕ್ಕಳೇ, ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲ್ ಎರಡು ಇರುತ್ತವೆ, ನೋಡಿದ್ದೀರಾ? ಒಂದು ಎಡಗಾಲಿಗೆ, ಒಂದು ಬಲಗಾಲಿಗೆ. ಹೊಲದ ಬದುವಿನಲ್ಲಿ ಗಕ್ಕನೆ ತಿರುಗಬೇಕಾದರೆ ಒಂದೇ ಪೆಡಲ್ ಒತ್ತುತ್ತಾರೆ. ಆ ಕಡೆಯ ಗಾಲಿ ನಿಂತು, ಟ್ರ್ಯಾಕ್ಟರ್ ಬುಗುರಿಯ ಹಾಗೆ ಅಲ್ಲೇ ತಿರುಗುತ್ತದೆ. ಹೊಲದಲ್ಲಿ ಅದು ಅನುಕೂಲ, ರಸ್ತೆಯಲ್ಲಿ ಸಾವು. ಅದಕ್ಕೇ ಎರಡೂ ಪೆಡಲ್ ಕೂಡಿಸುವ ಚಿಲಕ ಒಂದು ಇರುತ್ತದೆ. ರಸ್ತೆಗೆ ಬರುವ ಮೊದಲು ಅದನ್ನು ಹಾಕಲೇಬೇಕು.

ಆಸ್ಟ್ರೇಲಿಯಾದಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕು ಎಂದು ಕಾನೂನು ಇದೆ. 2,000 ಕಿಲೋ ಮೀರಿದರೆ ಎಲ್ಲ ಗಾಲಿಗಳಿಗೂ ಬ್ರೇಕ್ ಬೇಕು. ಜೊತೆಗೆ, ಕೊಂಡಿ ಕಳಚಿದರೆ ತಾನೇ ಬ್ರೇಕ್ ಬೀಳುವ ಸಾಧನವೂ ಬೇಕು. ನಮ್ಮ ಊರುಗಳಲ್ಲಿ ಆರು ಟನ್ ಕಬ್ಬು ಹೇರಿದ ಟ್ರೇಲರಿಗೂ ಎಷ್ಟೋ ಸಲ ಬ್ರೇಕ್ ಇರುವುದಿಲ್ಲ. ಅಷ್ಟನ್ನೂ ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿ. ಇನ್ನೊಂದು ಲೆಕ್ಕ: ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 15 ಕಿಲೋಮೀಟರ್ ವೇಗದಲ್ಲಿ 5 ಮೀಟರಿಗೆ ನಿಲ್ಲುವ ಗಾಡಿ, 30ರಲ್ಲಿ 20 ಮೀಟರ್ ತಿನ್ನುತ್ತದೆ. ಎಂಜಿನ್ನಿನ ಎಚ್‌ಪಿ ಎಷ್ಟೇ ಇರಲಿ, ಗಾಡಿ ನಿಲ್ಲಿಸುವಾಗ ಅದು ಕೆಲಸಕ್ಕೆ ಬರುವುದಿಲ್ಲ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿಯಲಿಲ್ಲ. ಕಲಿತ ದಿನ ಬೇರೆ.

ಟ್ರ್ಯಾಕ್ಟರಿನ ಆರ್‌ಸಿ ಬಂದ ದಿನ ಅದನ್ನು ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಕೆಎ-26 ನಮ್ಮ ಗದಗ ಜಿಲ್ಲೆಯದು ಎಂದು ಅವಳಿಗೆ ಖುಷಿ. ಓದುತ್ತಾ ಓದುತ್ತಾ ನಿಂತಳು.

"ಅಪ್ಪಾ, ಇದರಾಗ ಸೀಟು ಒಂದ ಅಂತ ಬರದೈತಿ. ನಾವು ಹದಿನೆಂಟು ಮಂದಿ ಹೆಂಗ ಹೋಗೋದು?"

ತಮ್ಮನ ಮಗ ನಕ್ಕ. "ಅದು ಕಾಗದದಾಗ ಹಂಗ ಇರತೈತಿ ಬಿಡವಾ. ಊರ ಮಂದಿ ಎಲ್ಲಾ ಟ್ರೇಲರದಾಗ ಹೋಗತಾರ. ಮದಿವಿಗೆ ಹೋಗತಾರ, ಜಾತ್ರಿಗೆ ಹೋಗತಾರ. ಏನೂ ಆಗೂದಿಲ್ಲ."

ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದ ನನ್ನ ತಂಗಿ ತಲೆ ಎತ್ತಿದಳು. ಸೆರಗಿನೊಳಗೆ ಇಟ್ಟುಕೊಳ್ಳುವ ಬಲಗೈಯನ್ನು ಹೊರಗೆ ತೆಗೆದು ಮಕ್ಕಳ ಮುಂದೆ ಚಾಚಿದಳು. ಮೊಣಕೈಯಿಂದ ಕೆಳಗೆ ಸೊಟ್ಟಗಾಗಿ, ಬೆರಳು ಮಡಚಲಿಕ್ಕೆ ಬಾರದ ಕೈ. "ನಾನು ಒಂದ್ಸಲ ಹೋಗೇನಿ. ಇನ್ನೊಂದ್ಸಲ ಬ್ಯಾಡ" ಅಂದಳು. ಮತ್ತೆ ಎಡಗೈಯಿಂದ ಶೇಂಗಾ ಒಡೆಯತೊಡಗಿದಳು.

ಮಕ್ಕಳು ನನ್ನ ಮುಖ ನೋಡಿದರು. ಅಷ್ಟು ವರ್ಷ ಮನೆಯಲ್ಲಿ ಯಾರೂ ಎತ್ತದ ಮಾತು. ಅವತ್ತು ಹೇಳಿದೆ, ಇವತ್ತು ನಿಮಗೂ ಹೇಳುತ್ತೇನೆ.

ಆಗ ನಾನು ಗಜೇಂದ್ರಗಡದಲ್ಲಿ ಕೆಲಸಕ್ಕಿದ್ದೆ. ಪರಿಚಯದವರ ಮನೆಯ ಮದುವೆಗೆ ತಂಗಿ ಬಂದಿದ್ದಳು. ಮದುವೆ ಮುಗಿದ ಮೇಲೆ ಅವಳು ಬಸ್ಸಿಗೆ ಹೋಗುತ್ತೇನೆ ಅಂದಳು. ದಿಬ್ಬಣದ ಟ್ರ್ಯಾಕ್ಟರ್ ಹೊರಟು ನಿಂತಿತ್ತು. "ಬಸ್ಸಿಗೆ ಯಾಕ ಕಾಯ್ತಿ? ಇದರಾಗ ಹತ್ತು, ನಾನೂ ಬರತೀನಿ" ಎಂದು ಅವಳನ್ನು ಕೈಹಿಡಿದು ಹತ್ತಿಸಿದವನು ನಾನೇ. ಗುಡ್ಡದ ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಚಾಲಕ ಗೇರು ತೆಗೆದು ನ್ಯೂಟ್ರಲ್ ಮಾಡಿದ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಅದು ಹೋದ ಮೇಲೆ ಹಿಂದಿನ ಟ್ರೇಲರ್ ನೂಕತೊಡಗಿತು. ವೇಗ ಏರಿತು. ಅವನು ಬ್ರೇಕ್ ಒತ್ತಿದ. ಮುಂಜಾನೆ ಹೊಲದಲ್ಲಿ ಕೆಲಸ ಮಾಡಿ ಬಂದ ಟ್ರ್ಯಾಕ್ಟರ್ ಅದು, ಪೆಡಲ್ ಕೂಡಿಸುವ ಚಿಲಕ ಹಾಕಿರಲಿಲ್ಲ. ಒತ್ತಿದ್ದು ಒಂದೇ ಪೆಡಲ್. ಒಂದು ಗಾಲಿ ನಿಂತಿತು, ಟ್ರ್ಯಾಕ್ಟರ್ ಅಡ್ಡ ತಿರುಗಿತು, ಟ್ರೇಲರ್ ನಮ್ಮೆಲ್ಲರ ಸಹಿತ ಮಗುಚಿತು.

ಜೀವ ಯಾರದೂ ಹೋಗಲಿಲ್ಲ, ದೇವರ ದಯೆ. ನನಗೆ ಹಣೆಯ ಮೇಲೆ ಒಂದು ಗಾಯ. ಟ್ರೇಲರಿನ ಪಕ್ಕದ ಹಲಗೆಯ ಕೆಳಗೆ ಸಿಕ್ಕಿದ್ದು ತಂಗಿಯ ಬಲಗೈ. ರೊಟ್ಟಿ ಬಡಿಯುವ ಕೈ. ಆಮೇಲೆ ಅವಳು ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿತಳು, ಎಡಗೈಯಲ್ಲಿ ಬರೆಯಲು ಕಲಿತಳು. ನನ್ನನ್ನು ಒಂದು ದಿನವೂ ಒಂದು ಮಾತು ಅನ್ನಲಿಲ್ಲ.

ಆ ಟ್ರ್ಯಾಕ್ಟರಿನ ಸಾಲದ ಕಾಗದ ಬರೆದವನೂ ನಾನೇ ಆಗಿದ್ದೆ. ಎಷ್ಟು ಎಕರೆ ಹೊಲ, ಎಷ್ಟು ಬೆಳೆ, ಜಾಮೀನು ಯಾರು, ಕಂತು ಯಾವಾಗ ಎಂದೆಲ್ಲ ಕೇಳಿ ಬರೆದಿದ್ದೆ. ಟ್ರೇಲರಿಗೆ ಬ್ರೇಕ್ ಇದೆಯೇ ಎಂದು ಕೇಳುವ ಕಲಮು ಆ ಅರ್ಜಿಯಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ನಾನು ಹೇಳಿ ಮುಗಿಸಿದಾಗ ತಮ್ಮನ ಮಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ಎದ್ದು ಹೋಗಿ ಅತ್ತೆಯ ಹತ್ತಿರ ಕುಳಿತು ತಾನೂ ಶೇಂಗಾ ಒಡೆಯತೊಡಗಿದ. "ಅತ್ತೀ, ನೀವು ಹೆಂಗ ಹೇಳತೀರಿ ಹಂಗ" ಅಂದ.

"ಟ್ರೇಲರಿಗೆ ಗಾದಿ ಹೋಗಲಿ, ಪಾತ್ರಿ ಹೋಗಲಿ, ನೀರು ಹೋಗಲಿ. ಮಂದಿ ಬಸ್ಸಿಗೆ ಹೋಗೂಣು" ಅಂದಳು ತಂಗಿ.

ಮೊಮ್ಮಗಳು ನೋಟ್‌ಬುಕ್ಕು ತೆರೆದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹದಿನೆಂಟರಲ್ಲಿ ಹೆಣ್ಣುಮಕ್ಕಳು ಹನ್ನೊಂದು ಮಂದಿ. ಟ್ರ್ಯಾಕ್ಟರ್ ನಡೆಸುವ ಅವಳಪ್ಪನನ್ನು ಬಿಟ್ಟರೆ ಟಿಕೆಟ್ ತೆಗೆಯಬೇಕಾದವರು ಆರೇ ಮಂದಿ. "ಅಜ್ಜಾ, ನಾವು ಹೆಣ್ಣುಮಕ್ಕಳು ಪುಕ್ಕಟೆ, ನೀವು ರೊಕ್ಕಾ ಕೊಡ್ರಿ" ಎಂದು ನಕ್ಕಳು.

ಬನದ ಹುಣ್ಣಿಮೆಗೆ ಹಾಗೇ ಹೋದೆವು. ತಮ್ಮನ ಮಗ ಒಬ್ಬನೇ, ನಸುಕಿನಲ್ಲಲ್ಲ, ಬೆಳಕು ಹರಿದ ಮೇಲೆ ಟ್ರ್ಯಾಕ್ಟರ್ ತೆಗೆದ. ಹೊರಡುವ ಮೊದಲು ಮೊಮ್ಮಗಳು ಒಂದೊಂದೇ ಕೂಗಿದಳು, ಅವನು "ಆತು" ಅಂದ. ಪಿನ್ನಿನ ಲಾಕ್? ಆತು. ಸರಪಳಿ? ಆತು. ಪೆಡಲಿನ ಚಿಲಕ? ಆತು. ಹಿಂದಿನ ಕೆಂಪು ರಿಫ್ಲೆಕ್ಟರ್, ದೀಪ? ಆತು. ಟಾಯರಿನ ಗಾಳಿ? ಆತು. ಗಾಲಿಗೆ ಕೊಟ್ಟ ಕಲ್ಲು ತೆಗೆದಿಯೇನಪ್ಪಾ? ಆಗ ಅವನು ನಾಲಿಗೆ ಕಚ್ಚಿಕೊಂಡು ಇಳಿದ.

ನಾವು ರೋಣದಿಂದ ಬಸ್ಸು ಹತ್ತಿದೆವು. ತಂಗಿ ಕಿಟಕಿಯ ಪಕ್ಕ ಕುಳಿತಳು. ದಾರಿಯಲ್ಲಿ ನಮ್ಮ ಟ್ರ್ಯಾಕ್ಟರನ್ನು ಬಸ್ಸು ದಾಟಿತು. ಕಮಾನು ಕಟ್ಟಿದ ಟ್ರೇಲರ್ ಹಿಂದೆ ನೆಟ್ಟಗೆ, ಓಲಾಡದೆ ಬರುತ್ತಿತ್ತು. ಮಕ್ಕಳೆಲ್ಲ ಕೂಗಿ ಕೈಬೀಸಿದರು. ತಂಗಿಯೂ ಬೀಸಿದಳು, ಸೆರಗಿನೊಳಗಿಂದ ತೆಗೆದು ಆ ಬಲಗೈಯನ್ನೇ.

ನಾಲ್ಕು ದಿನ ಟ್ರೇಲರೇ ನಮ್ಮ ಅಡುಗೆಮನೆ, ಉಗ್ರಾಣ. ನಿಂತ ಟ್ರೇಲರಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಗಟ್ಟಿ ಕಟ್ಟಿಗೆ ಇಟ್ಟ ಮೇಲೆಯೇ ಮಕ್ಕಳಿಗೆ ಹತ್ತಲು ಬಿಟ್ಟದ್ದು. ಅವರು ರಾತ್ರಿ ಕಮಾನಿನ ಕೆಳಗೆ ಗಾದಿಯ ಮೇಲೆ ಸಾಲಾಗಿ ಮಲಗಿದರು. ದೂರದ ನಾಟಕದ ಟೆಂಟಿನಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ಥೇಟು ನಮ್ಮ ಸವಾರಿ ಬಂಡಿಯ ದಿನಗಳ ಹಾಗೆ.

ಬರುವ ಸುಗ್ಗಿಯ ರೊಕ್ಕದಲ್ಲಿ ಟ್ರೇಲರಿಗೆ ಬ್ರೇಕ್ ಹಾಕಿಸುತ್ತೇನೆ ಎಂದು ತಮ್ಮನ ಮಗ ಒಪ್ಪಿದ್ದಾನೆ. ಮೊಮ್ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡು, ಕೆಳಗೆ ಅವನ ಸಹಿಯನ್ನೂ ತೆಗೆದುಕೊಂಡಿದ್ದಾಳೆ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಅಂಗಳದಲ್ಲೂ ಟ್ರ್ಯಾಕ್ಟರ್ ಇದ್ದರೆ ಇವತ್ತು ಸಂಜೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಆ ಎರಡು ಪೆಡಲ್ ತೋರಿಸಿ, ಚಿಲಕ ಎಲ್ಲಿದೆ ಎಂದು ಹುಡುಕಲು ಹೇಳಿ. ಮಕ್ಕಳೇ, ಆರ್‌ಸಿಯಲ್ಲಿ ಸೀಟು ಎಷ್ಟು ಎಂದು ನೀವೇ ಓದಿ ನೋಡಿ. ಓದಿದ್ದನ್ನು ಮನೆಯವರಿಗೆ ಗಟ್ಟಿಯಾಗಿ ಹೇಳಿ. ದೊಡ್ಡವರು ನಕ್ಕರೂ ಹೇಳಿ.

ಮುಂದಿನ ವಾರ ಮತ್ತೆ ಭೇಟಿಯಾಗೋಣ.